ಗೋಡೆಯಲ್ಲಿ ಸಿಕ್ಕಿಕೊಂಡ ಮುದುಕಿ

ನಮ್ಮ ಭಾವನಿಗೆ ಗೊತ್ತಿಲ್ಲದ ವಿಷಯವೇ ಇಲ್ಲ. ಹಾಗಂತ ಅವರೇ ಹೇಳುತ್ತಾರೆ. ಪ್ರಿಂಟರ್ ನಿಂತರೆ ಅದರ ನೆತ್ತಿಗೆ ಬಡಿಯುವುದು ಅವರ ಇಂಜಿನಿಯರಿಂಗ್.

ಅಕ್ಕ ವರ್ಷವಿಡೀ ಒಂದೇ ಕಂಪ್ಯೂಟರ್ ಗೇಮ್ ಆಡಿದ್ದಳು. ಊರೂರು ಸುತ್ತಿ, ಜನರ ವಿಶ್ವಾಸ ಗಳಿಸಿ, ಕೊನೆಯ ಕೋಟೆಯ ಬಾಗಿಲು ಮುಟ್ಟಿದ್ದಳು. ಅದನ್ನು ತೆರೆಯುವ ಮಂತ್ರ ಗೊತ್ತಿದ್ದದ್ದು ಒಬ್ಬ ಮುದುಕಿಗೆ ಮಾತ್ರ. ಆ ಮುದುಕಿ ಗೇಮಿನದೇ ದೋಷದಿಂದ ಗೋಡೆಯೊಳಗೆ ಸಿಕ್ಕಿಕೊಂಡಿದ್ದಳು, ಮೊಣಕೈಯಷ್ಟೇ ಹೊರಗೆ. ಅವಳು ಬರದೆ ಆಟ ಮುಗಿಯದು.

"ಏಳು, ನಾನು ನೋಡ್ತೀನಿ" ಎಂದು ಭಾವ ಕುರ್ಚಿ ಕಿತ್ತುಕೊಂಡರು.

ಮೊದಲು ಎಲ್ಲಿಂದಲೋ ದೋಷ ಸರಿಪಡಿಸುವ ಒಂದು ಪ್ಯಾಚ್ ತಂದು ಹಾಕಹೊರಟರು. ನಾನು ತಪ್ಪು ಓದಿರಬಹುದೆಂದು ಎರಡು ಸಲ ಓದಿಕೊಂಡೇ ಹೇಳಿದೆ: "ಭಾವ, ಇದು ಹಳೇ ಗೇಮಿಗೆ ಅಂತ ಬರ್ದಿದೆ."

"ನೀನು ಓದ್ತಾ ಇರು ತಾಯಿ, ನಾನು ಮಾಡ್ತಾ ಇರ್ತೀನಿ."

ಮಾಡಿದರು. ರಾಜ್ಯದ ಕುದುರೆಗಳೆಲ್ಲ ಹಿಂದುಹಿಂದಕ್ಕೆ ನಡೆಯತೊಡಗಿದವು. ಮುದುಕಿ ಇದ್ದಲ್ಲೇ ಇದ್ದಳು.

"ಇನ್ನು ಕಮ್ಯಾಂಡೇ ಗತಿ. ಅವಳನ್ನ ಕೊಂದು, ಮತ್ತೆ ಎಬ್ಬಿಸೋದು."

ಆ ಗೇಮಿನಲ್ಲಿ ಯಾರನ್ನು ಕೊಲ್ಲಬೇಕೋ ಅವರ ಮೇಲೆ ಮೊದಲು ಕ್ಲಿಕ್ ಮಾಡಬೇಕು. ಇಲ್ಲದಿದ್ದರೆ ಕಮ್ಯಾಂಡ್ ಆಡುವವರಿಗೇ ತಗಲುತ್ತದೆ. ನಮ್ಮ ಪಂಡಿತರು ಗೋಡೆಯ ಮೇಲೆ ಕ್ಲಿಕ್ ಮಾಡಿ 'ಕೊಲ್ಲು' ಎಂದು ಒತ್ತಿದರು. ಅಕ್ಕನ ನಾಯಕಿ ದೊಪ್ಪನೆ ಬಿದ್ದಳು. 'ಎಬ್ಬಿಸು' ಎಂದರು. ಎದ್ದಳು, ಬರಿಗೈಯಲ್ಲಿ. ವರ್ಷದಿಂದ ನಗುನಗುತ್ತಾ ಮಾತಾಡಿಸುತ್ತಿದ್ದ ಕಾವಲುಗಾರ ಈಟಿ ಚಾಚಿ, "ಯಾರು ನೀನು?" ಎಂದ.

"ಸೇವ್ ಮಾಡ್ಬೇಡಿ!" ಅಕ್ಕ ಕಿರುಚಿದಳು.

"ಆಗ್ಲೇ ಮಾಡ್ದೆ. ಸೇಫಾಗಿರ್ಲಿ ಅಂತ."

"ಹಳೇ ಸೇವ್ ಇರುತ್ತಲ್ಲ, ಅದನ್ನ ತೆಗೀರಿ."

"ಆ ಕಸಾನಾ? ಮೊದಲೇ ಅಳಿಸಿಬಿಟ್ಟೆ. ಕಂಪ್ಯೂಟರ್ ಹಗುರ ಆಗ್ಬೇಕಲ್ಲ!" ಮುಖದ ತುಂಬ ಉಪಕಾರ ಮಾಡಿದವರ ಕಳೆ. "ಈಗೇನು, ಇನ್ನೊಂದು ಪ್ಯಾಚ್ ಹಾಕಿದ್ರೆ..."

"ಏಳ್ರೀ ಮೇಲೆ."

ಅಕ್ಕನ ದನಿಗೆ ಭಾವ ಎದ್ದರು. ಅವಳು ಕೀಬೋರ್ಡನ್ನು ತೊಡೆಯ ಮೇಲೆಳೆದುಕೊಂಡು ಹೊಸ ಆಟ ತೆರೆದಳು. ಮೊದಲಿನಿಂದ. ಹೊಸ ನಾಯಕಿಗೆ ಕಣ್ಣು ಆರಿಸಿದಳು, ಕೂದಲು ಆರಿಸಿದಳು. ಹಿಂದೆ ನಿಂತ ಭಾವನಿಗೆ ಬಾಯಿ ಮುಚ್ಚಿಕೊಂಡಿರಲಾಗಲಿಲ್ಲ.

"ಮೂಗು ಸ್ವಲ್ಪ ಸಣ್ಣ ಮಾಡು."

ಅಕ್ಕ ತಿರುಗಿಯೂ ನೋಡಲಿಲ್ಲ. "ಮೊದಲು ನಿಮ್ಮದು ತೂರಿಸೋದು ನಿಲ್ಸಿ."