ಸಕಾದಾ ವೇಷದ ಔತಣ

ಹೋಟೆಲಿನ ಬಾಗಿಲು ಕಾಯುವವನು ಆ ಭಾನುವಾರ ಮಧ್ಯಾಹ್ನ ನೆಟ್ಟಗೆ ನಿಂತು ಸಲಾಮು ಹೊಡೆದದ್ದು ಒಬ್ಬನಿಗೇ, ನೊಂಗ್ ಪೊನ್ಸೊಗೆ, ಅಂದರೆ ಪೊನ್ಸೊ ಅಣ್ಣನಿಗೆ. ಕಾವಲುಗಾರನ ತಪ್ಪೇನೂ ಇಲ್ಲ ಬಿಡಿ. ಅವನ ಮುಂದೆ ಹಾದು ಒಳಗೆ ಹೋದ ಸಕ್ಕರೆ ಜಮೀನ್ದಾರರು, ಅವರ ಹೆಂಡಂದಿರು, ವಕೀಲರು, ಹಲ್ಲಿನ ಡಾಕ್ಟರು ಎಲ್ಲರದೂ ಹರಕು ಅಂಗಿ, ಮಂಡಿಯವರೆಗೆ ಮಡಚಿದ ಪ್ಯಾಂಟು, ಮುಖಕ್ಕೆ ಬಳಿದ ಮಸಿ. ಅವರ ನಡುವೆ ಇಸ್ತ್ರಿ ಮುರಿಯದ ಬಿಳಿ ಬಾರೋಂಗ್ ಅಂಗಿ ತೊಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿ, ಮಗಳ ಕೈ ಹಿಡಿದುಕೊಂಡು ಬಂದವನು ಇವನೊಬ್ಬನೇ. ಹುಟ್ಟಿದಾಗಿನಿಂದ ಕಬ್ಬು ಕಡಿದುಕೊಂಡು ಬಂದವನೂ ಇವನೊಬ್ಬನೇ.

ಬಾಗಿಲ ಒಳಗೆ ನಿಂತಿದ್ದ ವ್ಯಾಂಜಿ ಟೀಚರಿಗೆ ಎದೆ ಧಸಕ್ಕೆಂದಿತು. ಒಳ್ಳೆಯ ಬಟ್ಟೆ ಹಾಕಿಕೊಂಡು ಬನ್ನಿ ಅಂತ ಇವನಿಗೆ ಹೇಳಿದ್ದು ಅವಳೇ.

ಸಾನ್ ಎಲಿಹಿಯೊ ವಿದ್ಯಾ ಪ್ರತಿಷ್ಠಾನದವರು ಬಡ ಮಕ್ಕಳ ಓದಿಗಾಗಿ ವರ್ಷಕ್ಕೊಂದು ಔತಣ ಇಟ್ಟುಕೊಳ್ಳುತ್ತಾರೆ. ಪ್ರತಿ ಔತಣಕ್ಕೂ ಒಂದು ವೇಷ ಬೇಕು. ಒಂದು ವರ್ಷ ಹವಾಯಿ, ಒಂದು ವರ್ಷ ಸ್ಪೇನಿನ ಕಾಲದ ಮನಿಲಾ, ಹೋದ ವರ್ಷ ಮೈತುಂಬ ಚಿನ್ನದ ಬಣ್ಣ. ಈ ಸಲ ಅಧ್ಯಕ್ಷೆ ಸೆನ್ಯೋರಾ ಪಿಲಾರಿತಾಗೆ ಹೊಳೆದದ್ದು ಸಕಾದಾ. ಹಂಗಾಮಿಗೆ ದೋಣಿ ಹತ್ತಿ ಬಂದು, ತೋಟದ ಕೊಟ್ಟಿಗೆಯಂಥ ಕೋಣೆಗಳಲ್ಲಿ ಮಲಗಿ, ಕಬ್ಬು ಕಡಿದು ಹೊತ್ತು ಲಾರಿಗೆ ತುಂಬುವ ಕೂಲಿ ಜನ. ಅವರ ವೇಷದಲ್ಲಿ ಬನ್ನಿ ಎಂದು ದಪ್ಪ ಕಾಗದದ ಮೇಲೆ ಬಂಗಾರದ ಅಕ್ಷರದಲ್ಲಿ ಅಚ್ಚು ಹಾಕಿಸಿ ಕರೆಯೋಲೆ ಕಳಿಸಿದ್ದರು. ನಾಚಿಕೆ ಅನ್ನೋದು ಅಂಗಡಿಯಲ್ಲಿ ಸಿಗುವಂತಿದ್ದರೆ ಈ ಜನ ಅದನ್ನೂ ಕೊಂಡು ತಂದಿಟ್ಟುಕೊಳ್ಳುತ್ತಿದ್ದರೋ ಏನೋ.

ವ್ಯಾಂಜಿ ಓದಿದ್ದು ಇದೇ ಪ್ರತಿಷ್ಠಾನದ ನೆರವಿನಲ್ಲಿ. ಆ ಋಣಕ್ಕೆ ಹದಿನೇಳು ವರ್ಷದಿಂದ ಈ ಔತಣದ ನಿರೂಪಣೆ ಅವಳದೇ. ಒಂದು ವರ್ಷ ಜ್ವರವಿದ್ದರೂ ಬಂದು ಮೈಕು ಹಿಡಿದಿದ್ದಳು. ಆಗಲ್ಲ ಅನ್ನುವ ಮಾತು ಅವಳ ನಾಲಗೆಗೆ ಬರುತ್ತಿರಲಿಲ್ಲ. ಉಪ್ಪು ತಿಂದ ಮನೆ.

ಈ ಸಲ ಅವಳ ಜೀವವೆಲ್ಲ ಒಂದೇ ಹುಡುಗಿಯ ಮೇಲಿತ್ತು. ಜೆನಲಿನ್, ನೊಂಗ್ ಪೊನ್ಸೊನ ಮಗಳು, ಅವಳ ಶಾಲೆಯ ಮೊದಲನೇ ರ‍್ಯಾಂಕು. ಭೂಮಾಪನದ ಎಂಜಿನಿಯರಿಂಗ್ ಓದಬೇಕು ಅನ್ನುವುದು ಹುಡುಗಿಯ ಹಟ. ಆದರೆ ಪ್ರತಿಷ್ಠಾನದ ಪದ್ಧತಿ ಎಂಥದ್ದೆಂದರೆ, ಮಗುವನ್ನು ವೇದಿಕೆಗೆ ಹತ್ತಿಸಿ ಅದರ ಕಷ್ಟ ಹೇಳಬೇಕು. ಕೇಳಿದವರಲ್ಲಿ ಯಾರಾದರೂ ಎದ್ದು ನಿಂತು 'ಈ ಮಗು ನನ್ನದು' ಅನ್ನಬೇಕು. ಹಾಗೆ ನಿಂತವರು ಆ ಮಗುವಿಗೆ ನಿನಾಂಗ್, ಧರ್ಮತಾಯಿ. ಓದು ಮುಗಿಯುವವರೆಗೆ ಎಲ್ಲ ಅವರದೇ. ಯಾರೂ ಏಳದಿದ್ದರೆ ಮಗು ಮನೆಗೆ.

ಹೋದ ವರ್ಷ ಜೆನಲಿನ್‌ಗೆ ಯಾರೂ ಏಳಲಿಲ್ಲ. ಚೆನ್ನಾಗಿ ಮಾತಾಡಿದಳು, ಕಣ್ಣೀರು ಹಾಕಲಿಲ್ಲ, ಅದೇ ತಪ್ಪಾಯಿತು. 'ಆ ಹುಡುಗಿಗೆ ನಮ್ಮ ಅಗತ್ಯ ಇರೋ ಹಾಗೆ ಕಾಣಲಿಲ್ಲಪ್ಪ' ಅಂದಿದ್ದರು ಒಬ್ಬಾಕೆ, ಹಲ್ಲಿಗೆ ಕಡ್ಡಿ ಹಾಕುತ್ತ. ಎರಡು ಸಲಕ್ಕಿಂತ ಹೆಚ್ಚು ಯಾರನ್ನೂ ವೇದಿಕೆ ಹತ್ತಿಸುವಂತಿಲ್ಲ. ಇವತ್ತು ಹೋದರೆ ಹೋಯಿತು. ಬರುವ ವಾರವೇ ಜೆನಲಿನ್ ಮನಿಲಾದ ಯಾರದೋ ಮನೆಗೆ ಕೆಲಸದವಳಾಗಿ ಹೋಗುವುದೆಂದು ಅವಳ ಚಿಕ್ಕಮ್ಮ ಮಾತಾಡಿಟ್ಟಿದ್ದಳು. ಅದಕ್ಕೇ ವ್ಯಾಂಜಿ ಅಪ್ಪನನ್ನೂ ಕರೆಸಿದ್ದು. ಅಪ್ಪನ ಮುಖ ನೋಡಿದರೆ ಯಾರಿಗಾದರೂ ಕರುಳು ಚುರ್ ಅಂದೀತು ಎನ್ನುವ ಆಸೆ.

ಆದರೆ ವೇಷದ ಸಂಗತಿ ಅವಳಿಗೆ ಹೇಳಲಾಗಲಿಲ್ಲ. ಕಬ್ಬು ಕಡಿಯುವವನ ಗುಡಿಸಲಿಗೆ ಹೋಗಿ, ಕಬ್ಬು ಕಡಿಯುವವನ ಥರ ಬಾ ಅಂತ ಯಾವ ಬಾಯಲ್ಲಿ ಹೇಳುವುದು? 'ಒಳ್ಳೆ ಬಟ್ಟೆ ಹಾಕ್ಕೊಂಡು ಬನ್ನಿ ನೊಂಗ್' ಅಂದು ಬಂದುಬಿಟ್ಟಿದ್ದಳು. ದೊಡ್ಡವರ ಮನೆಯ ಊಟಕ್ಕೆ ಹರಕು ಬಟ್ಟೆಯಲ್ಲಿ ಹೋಗುವವನು ಅವನೂ ಅಲ್ಲ. ಊರಿನ ಮುಖಂಡನ ಕೈಕಾಲು ಹಿಡಿದು ಬಾರೋಂಗ್ ಎರವಲು ತಂದಿದ್ದ.

"ಆ ಬಾರೋಂಗಿನವನು ಯಾರು? ಯಾವ ತೋಟದವರು?" ಸೆನ್ಯೋರಾ ಪಿಲಾರಿತಾ ವ್ಯಾಂಜಿಯ ಮೊಣಕೈ ಹಿಡಿದು ಕಂಬದ ಮರೆಗೆ ಎಳೆದರು. ಅವರ ರವಿಕೆಗೆ ಹಾಕಿದ್ದ ತೇಪೆಗಳನ್ನು ದರ್ಜಿಯೊಬ್ಬ ಎರಡು ದಿನ ಕೂತು ಹೊಲಿದಿದ್ದ.

"ಜೆನಲಿನ್ ಅಪ್ಪ, ಸೆನ್ಯೋರಾ."

"ಸಕಾದಾನಾ? ಅವನಾ?" ಅವರು ಇಣುಕಿ ನೋಡಿದರು. "ನೀನೇ ಹೇಳು ವ್ಯಾಂಜಿ, ನಾವೆಲ್ಲ ಹೀಗಿದೀವಿ, ಅವನು ಗವರ್ನರ್ ಥರ ಬಂದಿದಾನೆ. ಯಾರಮ್ಮ ಅವನಿಗೋಸ್ಕರ ಎದ್ದು ನಿಲ್ತಾರೆ? ಹೋದ ವರ್ಷ ಮಗಳು, ಈ ವರ್ಷ ಅಪ್ಪ. ಈ ಮನೆಯವರಿಗೆ ಸ್ವಲ್ಪ ಜಂಬಾನೇ."

"ನಾನೇ ಅವರಿಗೆ..." ಅಂತ ಬಾಯಿ ತೆಗೆದಳು ವ್ಯಾಂಜಿ.

"ನನ್ನ ಗಂಡನ ಹತ್ರ ಇನ್ನೊಂದು ಜೊತೆ ಇದೆ, ಕಾರಲ್ಲಿ. ತರಿಸ್ತೀನಿ. ಹಾಕ್ಕೊಳ್ಳಕ್ಕೆ ಹೇಳು. ಇಲ್ಲಾಂದ್ರೆ ಅವರನ್ನ ಪಟ್ಟಿಯ ಕೊನೆಗೆ ಹಾಕ್ತೀನಿ. ಕೊನೆಯವರ ಹೊತ್ತಿಗೆ ಎಲ್ಲರೂ ಊಟ ಮುಗಿಸಿ ಹೊರಟಿರ್ತಾರೆ, ಅದು ನಿನಗೂ ಗೊತ್ತು."

ಗೊತ್ತಿತ್ತು. ಕೊನೆಯ ಮಗುವಿನ ಕಷ್ಟ ಕೇಳುವುದು ಖಾಲಿ ಕುರ್ಚಿಗಳು ಮಾತ್ರ.

ಹರಕು ಬಟ್ಟೆಯ ಗಂಟು ಹಿಡಿದು ವ್ಯಾಂಜಿ ಮೂಲೆಯ ಮೇಜಿಗೆ ಹೋದಾಗ ನೊಂಗ್ ಪೊನ್ಸೊ ಬಾಳೆಲೆಯನ್ನು ನೋಡುತ್ತ ಕೂತಿದ್ದ. ಎಲೆಯ ಮೇಲೆ ಒಂದು ಹಿಡಿ ಅನ್ನ, ಉಪ್ಪು, ಒಂದು ಒಣಮೀನು. ಅದು ಶಾಸ್ತ್ರಕ್ಕೆ. ಸುಟ್ಟ ಇಡೀ ಹಂದಿಗಳು ಗೋಡೆಯ ಪಕ್ಕದಲ್ಲಿ ಕಾದಿದ್ದವು.

"ಮೇಡಂ, ಇದು ನಮಗೊಬ್ರಿಗೇ ಬಡಿಸಿದ್ದೋ, ಎಲ್ಲರಿಗೂನೋ?" ಅಂತ ಪಿಸುಗುಟ್ಟಿದ ಅವನು.

"ಎಲ್ಲರಿಗೂ, ನೊಂಗ್."

"ಪಾಪ," ಅಂದ ನೊಂಗ್ ಪೊನ್ಸೊ. ಕುಹಕವಿರಲಿಲ್ಲ ಅದರಲ್ಲಿ.

ವ್ಯಾಂಜಿ ಗಂಟನ್ನು ಮೇಜಿನ ಮೇಲಿಟ್ಟಳು. ಹೇಗೆ ಶುರು ಮಾಡುವುದೋ ತಿಳಿಯದೆ ಸುತ್ತಿ ಬಳಸಿ ಹೇಳಿದಳು: ಇವತ್ತಿನ ಪದ್ಧತಿ ಹೀಗೆ, ಎಲ್ಲರೂ ಒಂದೇ ಥರ ಕಂಡರೆ ಚೆನ್ನ, ಸೆನ್ಯೋರಾ ಅವರ ಆಸೆ. ಹೇಳುತ್ತ ಹೇಳುತ್ತ ಅವಳಿಗೆ ಬೆವರು ಬಂತು. ಮುಗಿಯುವ ಮೊದಲೇ ಜೆನಲಿನ್ ಗಂಟು ಬಿಚ್ಚಿ ನೋಡಿದ್ದಳು.

"ಅಪ್ಪ ಇದನ್ನ ಹಾಕ್ಕೊಳ್ಳಲ್ಲ."

"ಇಂದಾಯ್, ಸುಮ್ನಿರು ಮಗಳೇ," ಅಂದ ಅಪ್ಪ.

"ಹಾಕ್ಕೊಳ್ಳಲ್ಲ ಮೇಡಂ. ಬಾರೋಂಗ್ ತರೋಕೆ ಅಪ್ಪ ಮುಖಂಡರ ಮನೇಲಿ ಮೂರು ದಿನ ಹಂದಿಗೂಡು ತೊಳೆದಿದಾರೆ. ನೀವೇ ತಾನೇ ಒಳ್ಳೆ ಬಟ್ಟೆ ಅಂದಿದ್ದು?"

ವ್ಯಾಂಜಿಗೆ ಭೂಮಿ ಬಾಯ್ಬಿಟ್ಟರೆ ಸಾಕೆನ್ನಿಸಿತು. ನೊಂಗ್ ಪೊನ್ಸೊ ಮಾತ್ರ ಅಂಗಿಯನ್ನು ಎತ್ತಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದ. "ತೋಳೇ ಇಲ್ಲವಲ್ಲ ಇದಕ್ಕೆ. ಇದನ್ನ ಹಾಕ್ಕೊಂಡು ಕಬ್ಬಿಗೆ ಇಳಿದ್ರೆ ಗರಿಗಳು ಮೈ ಸಿಗಿದುಬಿಡ್ತವೆ. ನಾವು ಎರಡೆರಡು ಉದ್ದ ತೋಳಿನ ಅಂಗಿ ಹಾಕ್ತೀವಿ ಮೇಡಂ, ಅದೆಂಥ ಬಿಸಿಲಿರಲಿ." ಆಮೇಲೆ ಮಗಳ ಮುಖ ನೋಡಿದ. "ಇದನ್ನ ಹಾಕ್ಕೊಂಡ್ರೆ ಅವಳಿಗೆ ಓದು ಸಿಗುತ್ತಾ?"

"ಸಿಗಬಹುದು ನೊಂಗ್."

"ಹಾಗಾದ್ರೆ ಬಚ್ಚಲು ಎಲ್ಲಿದೆ ತೋರ‍್ಸಿ."

ಅವನು ಎದ್ದು ಹೋದ. ಜೆನಲಿನ್ ವ್ಯಾಂಜಿಯತ್ತ ತಿರುಗಲೂ ಇಲ್ಲ.

ನಾಲ್ಕನೆಯದಾಗಿ ಜೆನಲಿನ್ ಹೆಸರು ಬಂತು. ಹದಿನೇಳು ವರ್ಷ ಪಳಗಿದ ದನಿ ವ್ಯಾಂಜಿಯದು; ಎಲ್ಲಿ ನಿಲ್ಲಿಸಬೇಕು, ಎಲ್ಲಿ ನಡುಗಿಸಬೇಕು ಅದಕ್ಕೆ ಬಾಯಿಪಾಠ. ತಾಯಿ ಹೆರಿಗೆಯಲ್ಲಿ ಹೋದದ್ದು ಹೇಳಿದಳು. ಬುಡ್ಡಿ ದೀಪದಲ್ಲಿ ಓದಿ ಮೊದಲು ಬಂದದ್ದು ಹೇಳಿದಳು. ಕಬ್ಬಿನ ಕೆಲಸವಿಲ್ಲದ ತಿಂಗಳುಗಳಲ್ಲಿ ಗಂಜಿಗೂ ಗತಿಯಿಲ್ಲದ್ದು ಹೇಳಿದಳು. ಎಲ್ಲವೂ ನಿಜ. ಮೇಜುಗಳಲ್ಲಿ ಚಮಚಗಳ ಸದ್ದು ನಿಲ್ಲಲಿಲ್ಲ. ಹಂದಿಯ ಚರ್ಮ ಕಟುಮ್ಮೆಂದು ಮುರಿಯುತ್ತಿತ್ತು. ಯಾರೂ ಏಳಲಿಲ್ಲ.

ವೇದಿಕೆಯ ಮೇಲೆ ಅಪ್ಪ ಮಗಳು ನಿಂತಿದ್ದರು. ತೋಳಿಲ್ಲದ ಅಂಗಿಯಲ್ಲಿ ನೊಂಗ್ ಪೊನ್ಸೊನ ತೋಳಿನ ಗೀರುಗಳೆಲ್ಲ ದೀಪಕ್ಕೆ ಎದ್ದು ಕಾಣುತ್ತಿದ್ದವು. ಮುಂದಿನ ಸಾಲಿನ ಹೆಂಗಸೊಬ್ಬರು ಪಕ್ಕದವರಿಗೆ, "ಗಾಯ ಎಷ್ಟು ಚೆನ್ನಾಗಿ ಬರ್ದಿದಾರೆ ನೋಡು, ಯಾವ ಪಾರ್ಲರೋ," ಅಂದದ್ದು ಮೈಕಿನ ಬಳಿ ನಿಂತ ವ್ಯಾಂಜಿಗೂ ಕೇಳಿಸಿತು.

ಸೆನ್ಯೋರಾ ಪಿಲಾರಿತಾ ಮೆಟ್ಟಿಲ ಬಳಿ ಬಂದು ರಟ್ಟಿನ ಕತ್ತಿಯೊಂದನ್ನು ವ್ಯಾಂಜಿಯ ಕೈಗೆ ತುರುಕಿದರು. "ಕಡಿದು ತೋರ‍್ಸಲಿ. ಬೇಗ. ಜನ ಕೈ ಬಿಟ್ಟು ಹೋಗ್ತಿದಾರೆ."

ಆಗ ಅವಳು ಮೈಕಿನಲ್ಲಿ ಬೇರೆ ಏನಾದರೂ ಹೇಳಬಹುದಿತ್ತು. ತಪ್ಪು ನನ್ನದು, ಇವನಿಗೆ ಒಳ್ಳೆ ಬಟ್ಟೆಯಲ್ಲಿ ಬಾ ಅಂದವಳು ನಾನು, ಇವನ ಬಾರೋಂಗ್ ಬಿಚ್ಚಿಸಿದವರು ನೀವು. ಅಷ್ಟೂ ನಾಲಗೆಯ ತುದಿಗೆ ಬಂದಿತ್ತು. ಎಡಗಡೆ ಜೆನಲಿನ್ ನಿಂತಿದ್ದಳು, ಎರಡನೆಯ ಸಲ, ಕೊನೆಯ ಸಲ. ಹುಡುಗಿಯ ಮುಂದೆ ಮನಿಲಾದ ಯಾರದೋ ಮನೆಯ ನೆಲ ಒರೆಸುವ ಬಟ್ಟೆ ಕಾದು ಕೂತಿತ್ತು. ವ್ಯಾಂಜಿ ಬಾಯಿ ತೆರೆದಳು. ಹೊರಗೆ ಬಂದದ್ದು ಆ ಪಳಗಿದ ದನಿಯೇ.

"ಬಂಧುಗಳೇ, ನೀವೆಲ್ಲ ಇವತ್ತು ಒಂದು ದಿನದ ಸಕಾದಾಗಳು. ಇವರು ಅಸಲಿ. ನೊಂಗ್ ಪೊನ್ಸೊ, ಕಬ್ಬು ಹೇಗೆ ಕಡೀತೀರಿ ಸ್ವಲ್ಪ ತೋರಿಸಿ."

ಚಮಚಗಳು ನಿಂತವು. ಕುರ್ಚಿಗಳು ತಿರುಗಿದವು. ನೊಂಗ್ ಪೊನ್ಸೊ ರಟ್ಟಿನ ಕತ್ತಿಯನ್ನು ಕೈಯಲ್ಲಿ ತೂಗಿ ನೋಡಿ, ಒಂದು ಕ್ಷಣ ಮುಜುಗರದಿಂದ ನಕ್ಕು, ಬಗ್ಗಿದ. ಎಡಗೈಯಲ್ಲಿ ಇಲ್ಲದ ಕಬ್ಬನ್ನು ತಬ್ಬಿ ಹಿಡಿದ, ಬುಡಕ್ಕೆ ಒಂದು ಏಟು, ಎತ್ತಿ ತುದಿಗೆ ಒಂದು ಏಟು, ಪಕ್ಕಕ್ಕೆ ಎಸೆತ, ಮುಂದಿನ ಹೆಜ್ಜೆ. ಅವನ ಮೈಗೆ ಅರ್ಧ ಬಗ್ಗಿ ಗೊತ್ತಿರಲಿಲ್ಲ, ತೋರಿಕೆಗೆ ಕಡಿದೂ ಗೊತ್ತಿರಲಿಲ್ಲ. ವೇದಿಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಕಡಿಯುತ್ತ ಹೋದ. ಸಾಕು ಅನ್ನುವವರು ಯಾರೂ ಇರಲಿಲ್ಲವಾಗಿ ತಿರುಗಿ ಕಡಿಯುತ್ತ ಬಂದ. ವಾದ್ಯದವರು ತಾಳ ಹಾಕಿದರು. ಜನ ಚಪ್ಪಾಳೆ ತಟ್ಟಿ ಎಣಿಸಿದರು, ಫೋನುಗಳನ್ನು ಎತ್ತಿ ಹಿಡಿದರು. ಜೆನಲಿನ್ ಎದುರಿನ ಗೋಡೆ ನೋಡುತ್ತ ನಿಂತಿದ್ದಳು. ಅಪ್ಪನ ಉಸಿರು ಮೈಕಿನಲ್ಲಿ ಕೇಳಿಸತೊಡಗಿದಾಗ ಅವಳು ಅತ್ತಳು. ಮುಖ ಮುಚ್ಚಿಕೊಳ್ಳದೆ, ಸದ್ದು ಮಾಡದೆ, ನಿಂತ ಹಾಗೇ.

ಮುಂದಿನ ಸಾಲಿನ ಆ ಹೆಂಗಸೇ ಎದ್ದು ನಿಂತರು. "ಈ ಮಗು ನನ್ನದು," ಅಂದರು, ಕಣ್ಣೊರೆಸಿಕೊಳ್ಳುತ್ತ. ಮುಖದ ಮಸಿ ಕರವಸ್ತ್ರಕ್ಕೆ ಹತ್ತಿತು.

ಐದು ವರ್ಷದ ಓದು ಸಿಕ್ಕಿತು. ವೇಷದ ಬಹುಮಾನ ಹಲ್ಲಿನ ಡಾಕ್ಟರಿಗೆ ಹೋಯಿತು. ನೊಂಗ್ ಪೊನ್ಸೊನ ಹೆಸರನ್ನೂ ಯಾರೋ ಕೂಗಿದರು. ಅಸಲಿಯನ್ನು ಸ್ಪರ್ಧೆಗೆ ಸೇರಿಸಿದರೆ ಮಿಕ್ಕವರಿಗೆ ಅನ್ಯಾಯ ಎಂದು ತೀರ್ಪುಗಾರರು ಒಪ್ಪಲಿಲ್ಲ. "ನೀನಿಲ್ದೆ ನಮ್ಮ ಪ್ರತಿಷ್ಠಾನ ಇಲ್ಲ ವ್ಯಾಂಜಿ," ಅಂದು ಸೆನ್ಯೋರಾ ಕೆನ್ನೆಗೆ ಮುತ್ತಿಟ್ಟು ಹೋದರು.

ಅಡುಗೆಮನೆಯ ಹಿಂದಿನ ಓಣಿಯಲ್ಲಿ ಅಪ್ಪ ಮಗಳು ಸಿಕ್ಕಿದರು. ನೊಂಗ್ ಪೊನ್ಸೊ ಮತ್ತೆ ಬಾರೋಂಗ್ ತೊಟ್ಟು ಗುಂಡಿ ಹಾಕಿಕೊಳ್ಳುತ್ತಿದ್ದ. ಬೆವರಿಗೆ ಅದು ಬೆನ್ನಿಗೆ ಅಂಟಿಕೊಂಡಿತ್ತು.

"ಜೆನಲಿನ್, ನನ್ನ ಮೇಲೆ ಸಿಟ್ಟಿದ್ರೆ ಬೈದುಬಿಡು," ಅಂದಳು ವ್ಯಾಂಜಿ.

"ಸಿಟ್ಟಿಲ್ಲ ಮೇಡಂ. ಒಂದು ಕೇಳ್ಲಾ? ನಿಮ್ಮಪ್ಪನೂ ಕಬ್ಬು ಕಡೀತಿದ್ರಂತಲ್ಲ. ನಿಮ್ಮ ಸಲ ಅವರ ಹತ್ರ ಏನು ಮಾಡಿಸಿದ್ರು ಇವರು?"

ಸುಳ್ಳು ಹೇಳಬಹುದಿತ್ತು. ಆದರೆ ಅವತ್ತು ಅವಳಿಗೆ ತನ್ನ ದನಿಯನ್ನು ಕಂಡರೇ ಹೇಸಿಗೆಯಾಗಿತ್ತು.

"ಏನೂ ಮಾಡಿಸ್ಲಿಲ್ಲ. ಅವರು ಬಂದಿರ‍್ಲಿಲ್ಲ. ಅರ್ಜಿಯಲ್ಲಿ ನಾನು ಅಪ್ಪ ಸತ್ತಿದಾರೆ ಅಂತ ಬರೆದಿದ್ದೆ. ಆಮೇಲೆ ಒಂಬತ್ತು ವರ್ಷ ಬದುಕಿದ್ರು. ನನ್ನ ಪದವಿ ದಿನಾನೂ ಮನೇಲೇ ಕೂತಿದ್ರು."

ಒಳಗೆ ತಟ್ಟೆ ತೊಳೆಯುವ ಸದ್ದು.

"ಅದನ್ನ ಮೊದಲೇ ಹೇಳಬಾರದಿತ್ತಾ ಮೇಡಂ," ಅಂದಳು ಜೆನಲಿನ್. "ನಾನೂ ಹಾಗೇ ಬರೀತಿದ್ದೆ."

ವ್ಯಾಂಜಿ ನೊಂಗ್ ಪೊನ್ಸೊನ ಕಡೆ ತಿರುಗಿದಳು. ಹುಡುಗಿಗೆ ಒಂದು ಮಾತು ಬೈಯಲಿ, ಕೆನ್ನೆಗೆ ಒಂದು ಕೊಡಲಿ ಎಂದು ಅವಳ ಜೀವ ಬೇಡುತ್ತಿತ್ತು. ಅವನು ಕೊನೆಯ ಗುಂಡಿ ಹಾಕಿ ತಲೆಯಾಡಿಸಿದ.

"ಹೌದು ಮೇಡಂ. ಹೇಳಿದ್ರೆ ನಾನು ಮನೇಲೇ ಇರ‍್ತಿದ್ದೆ."