ಫೋಟೋ ಇಲ್ಲದ ವೆಬ್‌ಸೈಟು

ಹೊಳೆಸಾಲು ಪಟ್ಟಣ ಪಂಚಾಯ್ತಿಯಲ್ಲಿ ಸಭೆ ಹನ್ನೊಂದು ಗಂಟೆಗೆ ಎಂದರೆ, ಸದಸ್ಯರು ಮಂಡಕ್ಕಿ ಮಿರ್ಚಿ ಮುಗಿಸಿ ಕೈ ಒರೆಸಿಕೊಳ್ಳುವ ಹೊತ್ತಿಗೆ ಎಂದು ಅರ್ಥ. ಹರಿಹರದಿಂದ ಬಸ್ಸಿನಲ್ಲಿ ಅರ್ಧ ಗಂಟೆಯ ಊರು ಅದು. ೧೯೯೯ನೇ ಇಸವಿ. ಪಂಚಾಯ್ತಿಯ ಬಜೆಟ್ಟನ್ನು ಜನ ಕಂಪ್ಯೂಟರಿನಲ್ಲಿ ನೋಡುವಂತಾಗಬೇಕು, ಅದಕ್ಕೊಂದು ವೆಬ್‌ಸೈಟು ಮಾಡಿಸಿ ಎಂದು ಮೇಲಿನಿಂದ ಪತ್ರ ಬಂದಿತ್ತು. ಯಾರ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು ಎಂಬುದೇ ಅಂದಿನ ವಿಷಯ. ಕಂಪ್ಯೂಟರನ್ನು ಹತ್ತಿರದಿಂದ ಕಂಡವರು ಆ ಸಭೆಯಲ್ಲಿ ಒಬ್ಬಿಬ್ಬರಿದ್ದರೆ ಹೆಚ್ಚು. ಅದರ ಬಗ್ಗೆ ಮಾತಾಡುವವರು ಮಾತ್ರ ಎಲ್ಲರೂ.

ಅಧ್ಯಕ್ಷೆ ಉಚ್ಚೆಂಗೆಮ್ಮನ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ಅವಳ ಗಂಡ ಮಾಳಿಂಗಪ್ಪ ಕೂತಿದ್ದ. ಅವನು ಸದಸ್ಯನಲ್ಲ, ನೌಕರನೂ ಅಲ್ಲ, ಅಧ್ಯಕ್ಷರ ಗಂಡ. ಮಹಿಳಾ ಮೀಸಲಾತಿ ಬಂದ ಮೇಲೆ ನಮ್ಮ ಕಡೆ ಹುಟ್ಟಿಕೊಂಡ ಹೊಸ ಹುದ್ದೆ ಅದು. ಸಂಬಳವೊಂದಿಲ್ಲ, ಉಳಿದದ್ದೆಲ್ಲ ಇದೆ. ಊರಿನ ಅರ್ಧ ಕಾಮಗಾರಿ ಅವನ ತಮ್ಮನ ಹೆಸರಿನಲ್ಲಿ ನಡೆಯುತ್ತಿತ್ತು. ಗಂಡ ಬೆರಳಿಟ್ಟ ಕಡೆ ಉಚ್ಚೆಂಗೆಮ್ಮ ಸಹಿ ಹಾಕಬೇಕು. ಹಾಕಿಕೊಂಡೇ ಬಂದಿದ್ದಳು, ಒಳಗೊಳಗೇ ತನ್ನ ಮೇಲೆ ತಾನೇ ಹೇಸಿಕೊಳ್ಳುತ್ತ. ಗೆದ್ದು ಬಂದವಳು ನಾನು, ಇನ್ನೆಷ್ಟು ದಿನ ಇವರ ರಬ್ಬರ್ ಮೊಹರಾಗಿ ಬಿದ್ದಿರುವುದು ಎಂಬ ಪ್ರಶ್ನೆ ಅವಳನ್ನು ಕೊರೆಯುತ್ತಿತ್ತು.

ಮೊದಲು ದಾವಣಗೆರೆಯ ಕಂಪನಿಯೊಂದರಿಂದ ಟೈ ಕಟ್ಟಿಕೊಂಡು ಬಂದಿದ್ದ ವೀರೇಶ್ ತನ್ನ ಸರಕು ತೋರಿಸಿದ. ಪರದೆಯ ಮೇಲೆ ಬಾವುಟ ಹಾರಿತು, ಗುಲಾಬಿ ಅರಳಿತು, ಆಮೇಲೆ ಸದಸ್ಯರ ಫೋಟೋಗಳು ಮೂಡಿದವು. ಬಜೆಟ್ಟಿನ ಮಾತು ಅಲ್ಲಿಗೆ ಮುಗಿಯಿತು. ಉಪಾಧ್ಯಕ್ಷರು ಮೇಲೆ, ನಾನು ಯಾಕೆ ಕೆಳಗೆ ಎಂದು ಒಬ್ಬ. ಇದನ್ನು ತೆಗೆಯಿರಿ, ರುಮಾಲು ಸುತ್ತಿದ ಫೋಟೋ ಕೊಡುತ್ತೇನೆ ಎಂದು ಇನ್ನೊಬ್ಬ. ನನ್ನ ಮುಖ ಕಪ್ಪಗೆ ಬಂದಿದೆ, ಇದು ವಿರೋಧಿಗಳ ಕೈವಾಡ ಎಂದು ಮತ್ತೊಬ್ಬ. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೆ ಕಿತ್ತಾಡುವವರ ಹಾಗೆ ಕಿತ್ತಾಡಿದರು. ಮೂಗಿಗಿಂತ ಮೂಗುತಿ ಭಾರ ಅನ್ನುವುದು ಇಂಥದ್ದಕ್ಕೇ. ಇವರ ಕೈಗೆ ಊರು ಕೊಟ್ಟ ನಮಗೇ ಬುದ್ಧಿಯಿಲ್ಲ, ಇವರನ್ನು ಅಂದು ಏನು ಪ್ರಯೋಜನ.

ಸದಸ್ಯೆ ಖುರ್ಷೀದಾ ಒಬ್ಬಳೇ, ತಮ್ಮ ಓಣಿಯ ಚರಂಡಿಗೆ ಇಟ್ಟ ಹಣ ಇದರಲ್ಲಿ ಎಲ್ಲಿ ಕಾಣುತ್ತದೆ ಎಂದು ಕೇಳಿದಳು. ವೀರೇಶ್ ನಕ್ಕ. ಬಜೆಟ್ಟಿನ ಪುಟಕ್ಕೆ ಪಾಸ್‌ವರ್ಡ್ ಇದೆ, ಆ ಗುಟ್ಟಿನ ಪದ ಗೊತ್ತಿದ್ದವರಿಗಷ್ಟೇ ತೆರೆಯುತ್ತದೆ, ಅದೇ ನಮ್ಮ ಸಾಫ್ಟ್‌ವೇರಿನ ಹೆಚ್ಚುಗಾರಿಕೆ ಎಂದ. ಜನ ನೋಡಲೆಂದು ಮಾಡುವ ಪುಟಕ್ಕೆ ಬೀಗ ಜಡಿದು, ಆ ಬೀಗವನ್ನೇ ಮಾರಲು ಬಂದ ಜಾಣ. ಸಭೆ ಒಪ್ಪಿ ತಲೆದೂಗಿತು.

ಆಮೇಲೆ ಹರಿಹರದಲ್ಲಿ ಕಂಪ್ಯೂಟರ್ ಕ್ಲಾಸ್ ನಡೆಸುವ ಹಿದಾಯತ್ ಎದ್ದ. ಅವನದು ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್. ಗುಲಾಬಿ ಇಲ್ಲ, ಫೋಟೋ ಇಲ್ಲ. ಯಾವ ವಾರ್ಡಿಗೆ ಯಾವ ಕೆಲಸ, ಎಷ್ಟು ಹಣ, ಯಾರ ಗುತ್ತಿಗೆ ಎಂದು ಕನ್ನಡದಲ್ಲಿ ಸಾಲು ಸಾಲು. ಜಗಲಿಯ ಮೇಲೆ ಒಂದು ಕಂಪ್ಯೂಟರ್ ಇಟ್ಟುಬಿಟ್ಟರೆ ದಾರಿಹೋಕನೂ ನೋಡಬಹುದು ಎಂದ. ಪುಕ್ಕಟೆ ಎಂದದ್ದೇ ತಡ, ಹಲವರ ಮುಖ ಹುಳ್ಳಗಾಯಿತು. ಪುಕ್ಕಟೆ ಮಾಲಿನಲ್ಲಿ ಪರ್ಸೆಂಟೇಜ್ ಹುಟ್ಟುವುದಾದರೂ ಹೇಗೆ?

ಮಾಳಿಂಗಪ್ಪ ಗಂಟಲು ಸರಿಮಾಡಿಕೊಂಡ. “ಲೆಕ್ಕ ತಂದು ಬೀದಿಗಿಟ್ರೆ ದಿನಾ ಒಬ್ಬ ಬಂದು ಕೊರಳಪಟ್ಟಿ ಹಿಡಿತಾನೆ. ಅರ್ಧ ಕೆಲಸ ನಡೆದಿರ್ತೈತೆ, ಅರ್ಧ ಬಿಲ್ ಬಾಕಿ ಇರ್ತೈತೆ, ಅದೆಲ್ಲ ಅವ್ರಿಗೆ ತಿಳಿತೈತೇನು? ಓದಾಕ ಬರದವ್ರಿಗೆ ಬಜೆಟ್ ಯಾಕ ಬೇಕು?”

“ಓದಾಕ ಬರದವ್ರೂ ಕಂದಾಯ ಕಟ್ತಾರಲ್ರಿ,” ಎಂದಳು ಖುರ್ಷೀದಾ.

ವೀರೇಶನಿಗೆ ತನ್ನ ಮಾಲು ಪಾಸಾಯಿತು ಎಂಬ ಭರವಸೆ. ಪಾಸ್‌ವರ್ಡ್ ಅಧ್ಯಕ್ಷರೇ ಇಡಲಿ ಎಂದು ಕೀಲಿಮಣೆಯನ್ನು ಉಚ್ಚೆಂಗೆಮ್ಮನ ಕಡೆ ಸರಿಸಿದ. ಅವಳು ಕೈ ಚಾಚುವಷ್ಟರಲ್ಲಿ ಮಾಳಿಂಗಪ್ಪ ಅದನ್ನು ತನ್ನತ್ತ ಎಳೆದುಕೊಂಡು, ಎಡಗೈ ಅಡ್ಡ ಹಿಡಿದು, ಏನೋ ಒತ್ತಿದ. ಏನು ಒತ್ತಿದಿರಿ ಎಂದು ಅವಳು ಮೆಲ್ಲಗೆ ಕೇಳಿದಳು.

“ನಿಂಗ್ಯಾಕ ಅದು? ಬೇಕಾದಾಗ ನಾನೇ ತೆಗೆದು ತೋರಿಸ್ತೀನಿ.”

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಉಚ್ಚೆಂಗೆಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಊರಿನ ಮಾತು ಹಾಗಿರಲಿ, ಊರಿನ ಅಧ್ಯಕ್ಷೆಗೇ ಊರಿನ ಲೆಕ್ಕದ ಬಾಗಿಲು ಹಾಕಿದ್ದ ಮಹಾರಾಯ, ಅದೂ ಎಲ್ಲರ ಎದುರಿಗೆ. ಅವಳು ಅವನ ಕಡೆ ತಿರುಗಿದಳು.

“ನೀವು ಹೊರಗ ಜಗಲಿ ಮ್ಯಾಲ ಕೂಡ್ರಿ. ಸದಸ್ಯರಲ್ಲದವ್ರು ಇಲ್ಲಿ ಕೂಡಂಗಿಲ್ಲ.”

ಮಾಳಿಂಗಪ್ಪ ಸುತ್ತ ನೋಡಿದ. ನೆಲ ನೋಡುವುದರಲ್ಲಿ ಆ ಸದಸ್ಯರನ್ನು ಮೀರಿಸುವವರಿಲ್ಲ. ಮನೆಗೆ ಬಾ ನೋಡ್ಕೊಳ್ತೀನಿ ಎಂದು ಗೊಣಗುತ್ತ ಎದ್ದುಹೋದ. ಕೈ ಎತ್ತಿ ಮತ ಹಾಕಿ ಎಂದು ಉಚ್ಚೆಂಗೆಮ್ಮ ಸಭೆಗೆ ಹೇಳಿದಳು. ಖುರ್ಷೀದಾ ಹಿದಾಯತ್‌ನ ಕಡೆ ಕೈ ಎತ್ತಿದಳು. ಅವಳ ಜೊತೆಗೆ ಎತ್ತಿದವರು ಯಾರು ಅಂತೀರಿ? ಫೋಟೋ ಕೆಳಗೆ ಬಂದವನು, ಮುಖ ಕಪ್ಪಾದವನು, ರುಮಾಲು ತಪ್ಪಿದವನು. ನಮಗಿಲ್ಲದ ಮೆರವಣಿಗೆ ಯಾರಿಗೂ ಬ್ಯಾಡ ಎಂಬ ಘನವಾದ ನ್ಯಾಯ ಅವರದು. ಒಳ್ಳೆಯ ಕೆಲಸಕ್ಕೆ ಒಮ್ಮೊಮ್ಮೆ ಹೊಟ್ಟೆಕಿಚ್ಚೂ ಹೆಗಲು ಕೊಡುತ್ತದೆ. ಎರಡೂ ಕಡೆ ಸಮವಾಯಿತು. ಉಳಿದದ್ದು ಅಧ್ಯಕ್ಷೆಯ ಕೈ. ಉಚ್ಚೆಂಗೆಮ್ಮ ಹಿದಾಯತ್‌ನ ಕಡೆ ಕೈ ಎತ್ತಿದಳು.

ವೀರೇಶ್ ಗುಲಾಬಿಯನ್ನು ಆರಿಸಿ ಸಾಮಾನು ಕಟ್ಟಿಕೊಂಡ. ಹಿದಾಯತ್ ತನ್ನ ಕಂಪ್ಯೂಟರ್ ಮುಂದೆ ಕೂತು, ಯಾವ ವಾರ್ಡಿನಿಂದ ಶುರುಮಾಡಲಿ ಎಂದು ಕೇಳಿದ. ನಮ್ಮ ವಾರ್ಡಿನಿಂದಲೇ ಎಂದಳು ಉಚ್ಚೆಂಗೆಮ್ಮ. ಆ ವಾರ್ಡಿನ ರಸ್ತೆ ಒಂದೇ ಮಳೆಗಾಲಕ್ಕೆ ಕಿತ್ತುಹೋಗಿದ್ದು ಎಲ್ಲರಿಗೂ ಗೊತ್ತಿತ್ತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಜಗಲಿಯಿಂದ ಮಾಳಿಂಗಪ್ಪ ಬಾಗಿಲಿಗೆ ಬಂದು ನಿಂತ. “ಮನೆ ಮಾನ ಬೀದಿಗೆ ತರ್ತೀಯೇನು?”

“ಲೆಕ್ಕ ಸರಿ ಐತೆ ಅಂದ್ರೆ ಮಾನ ಯಾಕ ಹೋಗ್ತೈತೆ?”

ಹಿದಾಯತ್ ತಲೆ ಎತ್ತದೆ ರಸ್ತೆಯ ಗುತ್ತಿಗೆದಾರರ ಹೆಸರು ಕೇಳಿದ. ಉಚ್ಚೆಂಗೆಮ್ಮ ಮೈದುನನ ಹೆಸರನ್ನು, ಅವನ ಅಪ್ಪನ ಹೆಸರಿನ ಸಮೇತ, ನಿಧಾನವಾಗಿ ಹೇಳಿ ಬರೆಸಿದಳು.