ಕೋಣೆಯ ಸದ್ದು

ನನ್ನ ಮಗ ಓಡಿಸುತ್ತಿದ್ದ ಬಸ್ಸು ಸೇತುವೆಯಿಂದ ಉರುಳಿ, ಅವನೂ ಹಲವು ಪ್ರಯಾಣಿಕರೂ ತೀರಿಕೊಂಡರು. ಅವನು ಕುಡಿದಿದ್ದನೆಂದು ಬಸ್ಸಿನ ಮಾಲೀಕ ಹೇಳಿದ. ಬ್ರೇಕು ಹಿಡಿಯುತ್ತಿರಲಿಲ್ಲವೆಂದು ನಾವು ಹೇಳಿದೆವು. ಇದನ್ನೆಲ್ಲ ಸಾಕ್ಷ್ಯಚಿತ್ರ ಮಾಡುತ್ತೇನೆಂದು ಒಬ್ಬ ಹೆಂಗಸು ನಮ್ಮ ಮನೆಗೆ ಬಂದಳು.

"ನಾನು ಯಾರ ಕಡೆಯವಳೂ ಅಲ್ಲ ಯಜಮಾನ್ರೇ," ಎಂದಳು.

"ಹಂಗಂದೋರ ಹತ್ರಾನೇ ಮೊದಲು ಹುಷಾರಾಗಿರ್ಬೇಕು ಮಾವ," ಎಂದು ಸೊಸೆ ಅಡುಗೆಮನೆಯಿಂದಲೇ ಕುಟುಕಿದಳು. "ಮಾಲೀಕರ ಮನೇಲೂ ಇದನ್ನೇ ಅಂದಿರ್ತಾರೆ."

"ಅಂದಿದ್ದೀನಿ," ಎಂದು ಆಕೆ ನಕ್ಕಳು. ಆ ನಗು ನನಗೆ ಹಿಡಿಸಲಿಲ್ಲ.

ಮಗ ಅಂದು ಕುಡಿದಿದ್ದನೇ ಎಂದು ಆಕೆ ಕೇಳಿದಾಗ ನಾನು ತಡಮಾಡದೆ ಉತ್ತರಿಸಿದೆ: "ಇಲ್ಲ. ಬೆಳಿಗ್ಗೆ ನನ್ನ ಪಕ್ಕ ಕೂತು ಪ್ರಾರ್ಥನೆ ಮಾಡಿ ಹೋದ. ಬ್ರೇಕು ಸರಿಯಿಲ್ಲ ಅಂತ ಗೊಣಗಿಕೊಂಡೇ ಹೋದ."

ಎಲ್ಲ ಮುಗಿದ ಮೇಲೆ, ಆಕೆಯ ಜೊತೆ ಮೈಕು ಹಿಡಿದು ಬಂದಿದ್ದ ಸದ್ದು ಹಿಡಿಯುವವನು, "ಬರೀ ಕೋಣೆ ಸದ್ದು ಬೇಕು, ಸ್ವಲ್ಪ ಹೊತ್ತು ಯಾರೂ ಉಸಿರೆತ್ತಬೇಡಿ. ಮಾತಿನ ತುಂಡು ಜೋಡಿಸೋವಾಗ ನಡುವೆ ಹಾಕೋಕೆ," ಎಂದ. ನಾನು ಕನ್ನಡಕ ತೆಗೆದು, ತಲೆತಗ್ಗಿಸಿ, ಮಗನ ಆತ್ಮಕ್ಕಾಗಿ ದೇವರನ್ನು ನೆನೆದೆ. ಕ್ಯಾಮೆರಾ ನಿಂತಿರಲಿಲ್ಲವೆಂಬುದು ನನಗೇನು ಗೊತ್ತು?

ಚಿತ್ರ ಸಿದ್ಧವಾದ ಮೇಲೆ ಆಕೆ ನನ್ನನ್ನೂ ಸೊಸೆಯನ್ನೂ ತನ್ನ ಕಚೇರಿಗೆ ಕರೆಸಿದಳು. ಪರದೆಯ ಮೇಲೆ ಅದೇ ಪ್ರಶ್ನೆ ಬಂತು. ಅದರ ಹಿಂದೆಯೇ ನಾನು. ಕನ್ನಡಕವಿಲ್ಲದೆ, ತಲೆತಗ್ಗಿಸಿ, ತುಟಿ ಬಿಚ್ಚದೆ, ತಪ್ಪೊಪ್ಪಿಕೊಂಡವನ ಹಾಗೆ ಕೂತಿದ್ದೆ.

"ನನ್ನ ಉತ್ತರ ಎಲ್ಲಮ್ಮಾ?"

"ಮಾಲೀಕರ ಮಾತನ್ನೂ ಅರ್ಧ ತೆಗೆದಿದ್ದೀನಿ. ಇಬ್ಬರಿಗೂ ಸಮ. ನೋಡೋರು ತಾವೇ ತೀರ್ಮಾನ ಮಾಡ್ಲಿ. ನೀವು ಸುಮ್ಮನೆ ಕೂತಿದ್ದು ಸುಳ್ಳಲ್ವಲ್ಲ?"

"ಕೂತಿದ್ದು ದೇವರ ಮುಂದೆ. ನಿನ್ನ ಪ್ರಶ್ನೆ ಮುಂದಲ್ಲ."

ಸೊಸೆಗೆ ತಡೆಯಲಾಗಲಿಲ್ಲ. "ತಕ್ಕಡಿ ಸಮ ಮಾಡೋಕೆ ನನ್ನ ಗಂಡನ್ನ ಕುಡುಕ ಮಾಡಿದ್ರಾ? ನಾಳೆ ನಮ್ಮ ಮಗಳು ಇದನ್ನ ನೋಡ್ಬೇಕಾ?"

ಆಕೆ ಪರದೆಯ ಕಡೆ ತಿರುಗಿದಳು. ನನ್ನ ಉತ್ತರವನ್ನು ಹುಡುಕಿ ಅದರ ಜಾಗಕ್ಕೆ ತಂದು ಹಾಕಿ, ಮತ್ತೊಮ್ಮೆ ತೋರಿಸಿದಳು. "ಇಲ್ಲ" ಎಂಬ ನನ್ನ ದನಿ ಸ್ಪಷ್ಟವಾಗಿ ಕೇಳಿತು.

"ಈಗ ಸಮಾಧಾನ ಆಯ್ತಾ? ಸಂಜೆ ಟೀವಿಯವರಿಗೆ ಕಳಿಸ್ತೀನಿ. ನೀವು ಹೊರಡಿ."

ಸೊಸೆ ಚೀಲ ಎತ್ತಿಕೊಂಡಳು. "ಏಳಿ ಮಾವ."

ಹಾಕಿದ ಕೈಗೆ, ನಾವು ಹೊರಟ ಮೇಲೆ ಮತ್ತೆ ತೆಗೆಯುವುದೇನು ದೊಡ್ಡದು? ನಾನು ಕುರ್ಚಿಯನ್ನು ಪರದೆಯ ಹತ್ತಿರಕ್ಕೆ ಎಳೆದುಕೊಂಡೆ.

"ಸಂಜೆವರೆಗೂ ಇಲ್ಲೇ ಇರ್ತೀರಾ?" ಎಂದಳು ಆಕೆ.

"ಕಳಿಸಮ್ಮಾ. ಹೋಗೋದನ್ನ ನೋಡೇ ಏಳ್ತೀನಿ."